ಬಿಳಿ ಮೂರನೇ ಮನೆ

ಗೀಚುಗಳು ಎಡಕ್ಕೆ ವಾಲಿದ್ದವು. ಎಡಚ ಹಾರ್ಮೋನಿಯಂನಿಂದ ಬಿಚ್ಚಿದ ಆ ಪುಟ್ಟ ಹಿತ್ತಾಳೆ ರೀಡನ್ನು, ಸ್ವರ ನುಡಿಯುವ ನಾಲಗೆಯನ್ನು, ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಕನ್ನಡಕ ಒರೆಸಿದರೆ ಗೀಚು ಬಲಕ್ಕೆ ತಿರುಗುತ್ತದೆಯೇ? ರೀಡಿನ ಬುಡದಲ್ಲಿ ಒಂದರ ಪಕ್ಕ ಒಂದರಂತೆ ಮೂರು ಗೀಚು, ಮೂರೂ ಆಳ. ಅರ ಹಿಡಿಯುವವರೆಲ್ಲ ಬಲಗೈಯವರು, ಅವರ ಗೀಚು ಬಲಕ್ಕೆ ವಾಲುತ್ತದೆ. ಎಡಗೈಯಲ್ಲಿ ಅರ ಹಿಡಿದು ಹಾರ್ಮೋನಿಯಂ ಶ್ರುತಿ ಮಾಡುವವನು ಈ ಊರಿನಲ್ಲಿ ಒಬ್ಬನೇ. ಹೆತ್ತವರು ಇಟ್ಟ ಹೆಸರನ್ನು ಮರೆತು ಜನ ಅವನನ್ನು ಎಡಚ ಎಂದೇ ಕರೆಯುವುದೂ ಅದಕ್ಕೇ.

"ನನ್ನ ಕೈಗಿಷ್ಟು ಬೆಂಕಿ ಹಾಕ!" ಎಂದ. ಕೇಳುವವರು ಯಾರೂ ಇರಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಮಹಡಿ ಕೋಣೆ ಅದು. ಕೆಳಗೆ ದೊಡ್ಡ ದೊಡ್ಡ ಯಂತ್ರಗಳು ತಿರುಗುತ್ತಿದ್ದರೆ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಬಾಗಿಲ ಸಂದಿಯಿಂದ ಸೋಪಿನ ವಾಸನೆ, ಇಸ್ತ್ರಿಯ ಬಿಸಿ. ಗೋಡೆಗೆ ಒರಗಿಸಿದ ಬೆಂಚುಗಳು, ಹರಿದ ಹಾಸುಬಟ್ಟೆಗಳ ಒಂದು ಗುಡ್ಡೆ, ಮೂಲೆಯಲ್ಲಿ ಕಾಲಿನಲ್ಲಿ ತುಳಿಯುವ ಹಳೆಯ ಹಾರ್ಮೋನಿಯಂ. ಅದರ ತಿದಿ ಹರಿದಾಗಲೆಲ್ಲ ಹೆಂಗಸರೇ ಆಸ್ಪತ್ರೆಯ ಮುದ್ರೆ ಇರುವ ಬಟ್ಟೆ ಅಂಟಿಸಿ, ಹೊಲಿದು, ಹೇಗೋ ಉಸಿರು ಉಳಿಸಿಕೊಂಡಿದ್ದರು. ಯಾವ ರಿಪೇರಿಯವನನ್ನೂ ಕರೆಸಿರಲಿಲ್ಲ. ಕರೆಸಿದ್ದರೆ ಈ ಗೀಚು ಕಣ್ಣಿಗೆ ಬೀಳಲು ಇಷ್ಟು ವರ್ಷ ಹಿಡಿಯುತ್ತಿತ್ತೇ!

ಬೆಳಿಗ್ಗೆ ಅವನನ್ನು ಕರೆಸಿದ್ದು ಪಿಯಾನೋ ಟೀಚರು. ಇನ್ನೂ ಮೂವತ್ತು ದಾಟದ ಹುಡುಗಿ, ಮಾತು ಚುರುಕು. ಭಾನುವಾರ ಆಸ್ಪತ್ರೆಯ ಹೊಸ ಕಟ್ಟಡ ತೆರೆಯುವಾಗ ಬಟ್ಟೆ ಒಗೆಯುವ ಹೆಂಗಸರ ಮೇಳ ಪಿಯಾನೋ ಜೊತೆ ಹಾಡಬೇಕೆಂದು ಮೇಲಿನವರು ಹೇಳಿ, ಕಲಿಸುವ ಹೊಣೆಯನ್ನು ಅವಳ ತಲೆಗೆ ಕಟ್ಟಿದ್ದರು. ಎರಡು ದಿನ ಕಲಿಸಿ ಸುಸ್ತಾಗಿದ್ದಳು.

"ಸ ಸರಿಯಾಗಿದೆ ಸರ್, ಪ ಸರಿಯಾಗಿದೆ. ಗ ಮಾತ್ರ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಕೋಮಲ ಗಾಂಧಾರ ಅಂದ್ರೆ ಅದಲ್ಲ, ಶುದ್ಧ ಗಾಂಧಾರ ಅಂದ್ರೆ ಅದೂ ಅಲ್ಲ. ಎರಡರ ನಡುವೆ ಹೋಗಿ ಕೂತಿದೆ. ನೋಡಿ," ಎಂದು ಫೋನಿನಲ್ಲಿ ಹೆಂಗಸರ ಹಾಡು ಹಾಕಿ, ಪರದೆಯ ಮೇಲೆ ಶ್ರುತಿ ಅಳೆಯುವ ಮುಳ್ಳು ತೋರಿಸಿದ್ದಳು. ಮುಳ್ಳು ನಟ್ಟನಡುವೆ ನಿಂತಿತ್ತು. "ಹದಿನೆಂಟು ಜನ. ಗ ಹಾಡೋರೆಲ್ಲ ಅಲ್ಲೇ ಹೋಗಿ ನಿಲ್ತಾರೆ. ತಪ್ಪು ಹಾಡೋರು ಒಬ್ಬೊಬ್ರು ಒಂದೊಂದು ಕಡೆ ಬೀಳ್ಬೇಕಲ್ವಾ?"

"ಪೆಟ್ಟಿಗೇನೇ ಹಾಗಿರಬೇಕು, ಅದರ ಜೊತೆ ಹಾಡಿ ಹಾಡಿ ಕಲಿತಿದಾರೆ," ಎಂದಿದ್ದ ಎಡಚ, ಡಾಕ್ಟರು ನಾಡಿ ನೋಡುವ ಗಾಂಭೀರ್ಯದಲ್ಲಿ. "ಯಾರೋ ಅರೆಬರೆ ಕಲಿತವನು ಕೈ ಹಾಕಿರ್ತಾನೆ. ಅಂಥವನ ಕೈ ಮುರೀಬೇಕು."

"ಕೈ ಮುರಿಯೋದೇನೂ ಬೇಡ," ಎಂದು ಟೀಚರು ನಕ್ಕಿದ್ದಳು. "ನಿಜ ಹೇಳ್ಬೇಕಂದ್ರೆ, ಕೇಳೋಕೆ ಚೆನ್ನಾಗಿದೆ ಸರ್. ಸ, ಗ, ಪ ಮೂರೂ ಒಟ್ಟಿಗೆ ಬಂದಾಗ ಸಂತೋಷಾನೋ ದುಃಖಾನೋ ತಿಳಿಯಲ್ಲ. ಇಂಥ ಸ್ವರಾನ ಹುಡುಕಿಕೊಂಡು ಹೋಗಿ ನುಡಿಸೋರೂ ಇದಾರೆ. ಆದ್ರೆ ನನ್ನ ಪಿಯಾನೋದಲ್ಲಿ ಆ ಮನೇನೇ ಇಲ್ಲವಲ್ಲ, ಏನ್ಮಾಡ್ಲಿ? ನೀವು ಪೆಟ್ಟಿಗೆ ಸರಿಮಾಡಿಕೊಡಿ. ಉಳಿದ ನಾಲ್ಕು ದಿನದಲ್ಲಿ ಇವರ ಗಂಟಲು ನಾನು ಸರಿಮಾಡ್ತೀನಿ."

ಕೈ ಮುರೀಬೇಕು ಎಂದು ಹೇಳಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಮುರಿಯಬೇಕಾದ ಕೈ ಈಗ ಚಿಮಟ ಹಿಡಿದಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಣೆ, ಇದೇ ಕಿಟಕಿ. ಎಡಚನಿಗೆ ಆಗ ಇಪ್ಪತ್ತು. ಅವನು ಕೆಲಸ ಕಲಿಯುತ್ತಿದ್ದ ಹಾರ್ಮೋನಿಯಂ ಅಂಗಡಿಯ ಯಜಮಾನ ಅವನನ್ನು ಇಲ್ಲಿ ಕೂರಿಸಿ, "ಬಿಳಿ ಮೂರು ಸ್ವಲ್ಪ ಏರಿದೆ, ಒಂದು ಸಲ ಕೆರೆದು ಇಳಿಸು, ಹೆಚ್ಚು ಕೆರೆದೀಯ ಜೋಕೆ!" ಎಂದು ಹೇಳಿ ಎಲ್ಲೋ ಹೋಗಿದ್ದ. ಬಿಳಿ ಮೂರು ಎಂದರೆ ಬೆರಳಿನಿಂದ ಒತ್ತುವ ಬಿಳಿ ಪಟ್ಟಿಗಳಲ್ಲಿ, ಅಂದರೆ ಬಿಳಿ ಮನೆಗಳಲ್ಲಿ, ಮೂರನೆಯದು, ಈ ಪೆಟ್ಟಿಗೆಯಲ್ಲಿ ಹಾಡುವವರ ಶುದ್ಧ ಗಾಂಧಾರ. ರೀಡಿನ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು. ಆದರೆ ಕಿಟಕಿ ತೆರೆದಿತ್ತು.

ಕೆಳಗೆ ಅಂಗಳದಲ್ಲಿ ಹೆಂಗಸರು ದೊಡ್ಡ ಹಾಸುಬಟ್ಟೆಗಳನ್ನು ಮಡಿಸುತ್ತಿದ್ದರು. ಅಷ್ಟುದ್ದದ ಬಟ್ಟೆಗೆ ಮೂವರು ಬೇಕು. ಆ ತುದಿಯವಳು ಸ ಹಿಡಿದು ನಿಲ್ಲುತ್ತಾಳೆ, ಈ ತುದಿಯವಳು ಪ ಹಿಡಿಯುತ್ತಾಳೆ. ಇಬ್ಬರೂ ಎದುರುಬದುರಾಗಿ ನಡೆದು ಬರುವಾಗ ನಡುವಿನವಳು ಗ ಹಾಡುತ್ತ ಮಡಿಕೆಯನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಹಾಡು ತಪ್ಪಿದರೆ ಹೆಜ್ಜೆ ತಪ್ಪುತ್ತದೆ, ಹೆಜ್ಜೆ ತಪ್ಪಿದರೆ ಬಟ್ಟೆ ಮಣ್ಣುಪಾಲು. ಅವತ್ತು ನಡುವೆ ನಿಂತಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಲೆ ಸ್ವಲ್ಪ ವಾರೆ ಮಾಡಿ ಹಾಡುತ್ತಿದ್ದಳು. ಎಡಚ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತ ಕೂತ. ಕೈ ತನ್ನ ಪಾಡಿಗೆ ತಾನು ಓಡಿತು. ಒಂದು, ಎರಡು, ಮೂರು.

ಮನೆ ಒತ್ತಿದರೆ ಗಾಂಧಾರ ಪಾತಾಳಕ್ಕೆ ಹೋಗಿತ್ತು. ತುದಿ ಕೆರೆದು ಏರಿಸೋಣವೆಂದರೆ ಬುಡ ಆಗಲೇ ಎಲೆಯಷ್ಟು ತೆಳು, ಮುಟ್ಟಿದರೆ ಮುರಿಯುವಂತಿತ್ತು. ಚೀಲದಲ್ಲಿ ಬೇರೆ ರೀಡು ಇರಲಿಲ್ಲ. ಯಜಮಾನ ಬಂದರೆ ಚರ್ಮ ಸುಲಿಯುತ್ತಿದ್ದ. ಆಗ ಹೊಳೆದದ್ದು ಆ ಕೆಟ್ಟ ಉಪಾಯ. ಈ ಪೆಟ್ಟಿಗೆಯಲ್ಲಿ ಒಂದು ಮನೆ ಒತ್ತಿದರೆ ಎರಡು ರೀಡು ಒಟ್ಟಿಗೆ ನುಡಿಯುತ್ತವೆ. ಎರಡೂ ಹೊಂದದಿದ್ದರೆ ಧ್ವನಿಯಲ್ಲಿ ಅಲೆ ಏಳುತ್ತದೆ, ಯಜಮಾನ ನೋಡುತ್ತಿದ್ದದ್ದು ಆ ಅಲೆಯನ್ನಷ್ಟೇ. ಎಡಚ ಎರಡನೆಯ ರೀಡನ್ನೂ ಕೆರೆದು ಮೊದಲನೆಯದರ ಮಟ್ಟಕ್ಕೇ ಇಳಿಸಿಬಿಟ್ಟ. ಯಜಮಾನ ಬಂದು ಮನೆ ಒತ್ತಿದ, ಅಲೆ ಇಲ್ಲ, "ಭೇಷ್" ಎಂದು ಬೆನ್ನು ತಟ್ಟಿದ. ಸುಳ್ಳಿಗೆ ಒಂದು ಜೊತೆ ಸಿಕ್ಕಿದರೆ ಅದು ಎಷ್ಟು ಚೆನ್ನಾಗಿ ನುಡಿಯುತ್ತದೆ ಎನ್ನುತ್ತೀರಿ! ಎಡಚ ಒಂದು ತಿಂಗಳು ಹೆದರಿಕೊಂಡಿದ್ದು, ಆಮೇಲೆ ಮರೆತ. ಎರಡು ವರ್ಷಕ್ಕೆ ಆ ನಡುವಿನ ಹುಡುಗಿಯನ್ನೇ ಮದುವೆಯಾದ.

ಅಷ್ಟೇ ಆಗಿದ್ದರೆ ಈಗ ನಕ್ಕು ಸುಮ್ಮನಾಗಬಹುದಿತ್ತು. ಹಾಗಾಗಲಿಲ್ಲವಲ್ಲ.

ಮದುವೆಯಾಗಿ ನಾಲ್ಕು ವರ್ಷಕ್ಕೆ ರೇಡಿಯೋದವರು ಹೊಸ ಗಾಯಕಿಯರು ಬೇಕೆಂದು ಕರೆದರು. ಮೇಳದವರೆಲ್ಲ ಸೇರಿ ಅವಳನ್ನು ಹುರಿದುಂಬಿಸಿ ಕಳಿಸಿದರು. ಸಂಜೆ ವಾಪಸು ಬಂದವಳ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. "ಒಂದು ಸ್ವರ ಸದಾ ಜಾರುತ್ತಂತೆ. ನಂಗೆ ಕಿವಿ ಇಲ್ವಂತೆ. ಹೌದೇನ್ರೀ? ನೀವು ಹೇಳಿ, ನಿಮಗೆ ಗೊತ್ತಾಗುತ್ತಲ್ಲ," ಎಂದಳು. ಎಡಚ ಅವಳನ್ನು ತನ್ನ ಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಹಾಡಿಸಿ ನೋಡಿದ. ನಿಜವೇ, ಗಾಂಧಾರ ಇಳಿದಿತ್ತು. ನುರಿತ ಕಿವಿ ಅವನದು, ಸುಳ್ಳು ಹೇಳಲಿಲ್ಲ. "ಹೌದು ಕಣೇ, ಇಳಿಯುತ್ತೆ. ಎಲ್ಲರಿಗೂ ಕಿವಿ ಇರಲ್ಲ, ಬಿಡು. ಹಾಡದಿದ್ರೆ ಊಟ ಸೇರಲ್ವಾ?" ಎಂದ. ಸಮಾಧಾನ ಹೇಳಿದೆ ಎಂದೇ ಅಂದುಕೊಂಡಿದ್ದ.

ಅವಳು ಮರುವಾರವೇ ಮಡಿಸುವ ಕೆಲಸ ಬಿಟ್ಟು ಇಸ್ತ್ರಿಗೆ ಹೋದಳು. ಮೇಳದಲ್ಲಿ ಹಿಂದಿನ ಸಾಲು ಹಿಡಿದಳು. ಆಗ ಮಗಳು ತೊಟ್ಟಿಲಲ್ಲಿದ್ದಳು. ಮಗು ಅತ್ತರೆ, "ನೀವೇ ಪೆಟ್ಟಿಗೆ ನುಡಿಸಿ ಮಲಗಿಸ್ರೀ, ನಾನು ಹಾಡಿ ಅದರ ಕಿವೀನೂ ಕೆಡಿಸೋದು ಬೇಡ," ಎನ್ನುತ್ತಿದ್ದಳು. ನಗುನಗುತ್ತಲೇ ಹೇಳುತ್ತಿದ್ದಳು. ಎಡಚನೂ ನಗುತ್ತಿದ್ದ. ಹದಿನಾರು ವರ್ಷ ಹಾಗೆಯೇ ನಡೆಯಿತು. ನಡುವೆ ಒಂದೆರಡು ಸಲ ಮೇಳದ ಹಾಡು ದೂರದಿಂದ ಅವನ ಕಿವಿಗೆ ಬಿದ್ದದ್ದುಂಟು. ಕೆಲಸದ ಹೆಂಗಸರು, ಶ್ರುತಿ ಎಲ್ಲಿಂದ ಬರಬೇಕು ಎಂದುಕೊಂಡು ದಾಟಿ ಹೋಗಿದ್ದ.

ಈಗ ಅವನು ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದ. ಕೂತ, ಎದ್ದ. ಹೇಳಿಬಿಡಬೇಕು. ಹೇಳಿ ಏನು ಪ್ರಯೋಜನ? ಹೋದ ಹದಿನಾರು ವರ್ಷ ತಿರುಗಿ ಬರುತ್ತದೆಯೇ? ನೀರು ಕುಡಿಯಲು ಕೆಳಗಿಳಿದ. ಇಸ್ತ್ರಿಯ ಹಬೆಯಲ್ಲಿ ಹೆಂಡತಿ ದಿಂಬಿನ ಚೀಲಗಳನ್ನು ಒತ್ತುತ್ತಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಊಟ ಆಯ್ತೇನ್ರೀ?" ಎಂದು ಯಂತ್ರದ ಸದ್ದಿನ ಮೇಲೆ ಕೂಗಿದಳು.

ಅವನು ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ.

"ಡಬ್ಬಿ ಮೇಲೇ ಇಟ್ಟಿದೀನಲ್ಲ! ಕೆಲಸ ಸಿಕ್ಕಿದ್ರೆ ಹೊಟ್ಟೆ ಮರೆತುಹೋಗುತ್ತೆ ನಿಮಗೆ," ಎಂದು ಅವಳು ಮತ್ತೆ ಬಟ್ಟೆಗೆ ಬಗ್ಗಿದಳು. ಅವನು ನೀರು ಕುಡಿಯುವುದನ್ನೂ ಮರೆತು ಮೆಟ್ಟಿಲು ಹತ್ತಿದ.

ಮೇಲೆ ಬಂದವನು ಯೋಚನೆ ಮಾಡುವುದಕ್ಕೆ ಹೆದರಿ ಕೆಲಸಕ್ಕೆ ಕೂತ. ಚೀಲದಲ್ಲಿ ಹೊಸ ರೀಡುಗಳಿದ್ದವು. ಎರಡನ್ನು ಆರಿಸಿ, ಒಂದೊಂದೇ ಸಲ ಕೆರೆದು, ಶುದ್ಧ ಗಾಂಧಾರಕ್ಕೆ ತಂದು ಕೂರಿಸಿದ. ಈ ಸಲ ಕಿಟಕಿ ಮುಚ್ಚಿಕೊಂಡಿದ್ದ. ಹಳೆಯವೆರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡ. ಯಾರಿಗೆ ಗೊತ್ತಾಗುತ್ತದೆ? ಯಜಮಾನ ಸತ್ತು ಹತ್ತು ವರ್ಷವಾಯಿತು. ಕೆರೆಯ ಪಕ್ಕ ಹೋಗುವಾಗ ಎಸೆದರೆ ಕಥೆ ಮುಗಿಯಿತು. ಆದರೆ ಅವನು ಅಲುಗಿದಾಗಲೆಲ್ಲ ಜೇಬಿನಲ್ಲಿ ಅವು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು.

ನಾಲ್ಕಕ್ಕೆ ಕೆಲಸ ಬಿಟ್ಟು ಹೆಂಗಸರು ಬಂದರು. ಮುಂದೆ ದೊಡ್ಡಕ್ಕ. ಮೇಳಕ್ಕೂ ಒಗೆಯುವ ಕಟ್ಟಡಕ್ಕೂ ಅವಳೇ ಹಿರಿಯಳು. ಎಡಚನನ್ನು ಮೀಸೆ ಚಿಗುರುವ ಕಾಲದಿಂದ ಬಲ್ಲವಳು.

"ಲೋ ಎಡಚಾ, ನಮ್ಮ ಪೆಟ್ಟಿಗೇನ ಬದುಕಿಸಿದೆಯೋ ಕೊಂದೆಯೋ?"

"ಹಾಡಿ ನೋಡಿ ದೊಡ್ಡಕ್ಕ," ಎಂದು ಅವನು ಗೋಡೆಯ ಪಕ್ಕ ನೆಲದ ಮೇಲೆ ಕೂತ. ಹೆಂಡತಿ ಕೊನೆಯಲ್ಲಿ ಬಂದು ಎಂದಿನಂತೆ ಹಿಂದಿನ ಸಾಲಿನ ಮೂಲೆಯಲ್ಲಿ ನಿಂತಳು. ಮೈಮೇಲೆ ಕೆಲಸದ ಏಪ್ರನ್ ಇನ್ನೂ ಇತ್ತು.

ಟೀಚರು ತಿದಿ ತುಳಿದು ಸ, ಗ, ಪ ಒತ್ತಿದಳು. ಮೂರೂ ಗಟ್ಟಿಯಾಗಿ, ಶುದ್ಧವಾಗಿ ನುಡಿದವು. ಹೆಂಗಸರು ಮಡಿಕೆ ಹಾಡು ಎತ್ತಿಕೊಂಡರು. ಗಾಂಧಾರ ಬಂದದ್ದೇ ತಡ, ಸಂತೆಯಾಯಿತು. ಕೆಲವರು ಹಳೆಯ ಜಾಗಕ್ಕೇ ಹೋದರು, ಕೆಲವರು ಪೆಟ್ಟಿಗೆಯ ಹಿಂದೆ ಏರಲು ಹೋಗಿ ದಾರಿಯಲ್ಲೇ ಉಳಿದರು. ಮತ್ತೆ ಹಾಡಿದರು, ಮತ್ತೆ ಹಾಗೆಯೇ. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಇದೇನಮ್ಮ, ನಮ್ಮ ಮನೇಲಿ ನಮಗೇ ಬಾಗಿಲು ಸಿಗದ ಹಾಗಾಯ್ತು!"

"ಅಭ್ಯಾಸ ಆಗುತ್ತೆ," ಎಂದಳು ಟೀಚರು. "ಅದಿರಲಿ, ಹಿಂದಿನ ಸಾಲಲ್ಲಿ ಯಾರೋ ಗ ಬಂದಾಗ ಹಾಡೋದೇ ನಿಲ್ಲಿಸ್ತಾರೆ. ಬರೀ ತುಟಿ ಆಡುತ್ತೆ. ಯಾರದು?"

ದೊಡ್ಡಕ್ಕ ದನಿ ತಗ್ಗಿಸಿದಳು. ಅವಳು ತಗ್ಗಿಸಿದರೂ ಬೀದಿಗೆ ಕೇಳುತ್ತದೆ. "ಅವಳನ್ನ ಬಿಟ್ಟುಬಿಡಮ್ಮ, ಪಾಪ. ಅವಳಿಗೆ ಕಿವಿ ಇಲ್ಲ. ಅವಳ ಗಂಡಾನೇ ಹೇಳಿದಾನೆ, ಇಂಥದ್ದೆಲ್ಲ ತಿಳಿದವನು."

ಹೆಂಡತಿ ಬೇಸರವೇನೂ ಇಲ್ಲದೆ ತಲೆಯಾಡಿಸಿ ನಕ್ಕಳು. ಕಾಲುನೋವಿರುವವರು ಕಾಲುನೋವಿದೆ ಎಂದು ಒಪ್ಪಿಕೊಳ್ಳುವ ಹಾಗೆ. ಆ ನಗು ಎಡಚನಿಂದ ತಡೆಯಲಾಗಲಿಲ್ಲ.

"ಅವಳಿಗೆ ಕಿವಿ ಇದೆ," ಎಂದ. ಎದ್ದು ನಿಂತಿದ್ದ.

"ಏನಂದೆ?" ಎಂದಳು ದೊಡ್ಡಕ್ಕ.

"ಇದೆ ಅಂದೆ. ನನಗಿಂತ ಚೆನ್ನಾಗಿದೆ. ಈ ಪೆಟ್ಟಿಗೆ ಹೇಗೆ ನುಡೀತಿತ್ತೋ ಹಾಗೇ ಹಾಡಿದ್ಲು, ಕೂದಲೆಳೆ ಆಚೀಚೆ ಇಲ್ಲ. ನೀವೆಲ್ಲ ಹಾಗೇ ಹಾಡಿದ್ರಿ. ಕೆಟ್ಟಿದ್ದು ಪೆಟ್ಟಿಗೆ. ಕೆಡಿಸಿದ್ದು ನಾನು." ಜೇಬಿನಿಂದ ಎರಡು ರೀಡು ತೆಗೆದು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟ. "ನಂದೇ ಗೀಚು. ಎಡಗೈಯದು. ಒಂದನ್ನ ಹಾಳು ಮಾಡಿದೆ. ಗೊತ್ತಾಗಬಾರದು ಅಂತ ಇನ್ನೊಂದನ್ನೂ ಹಾಳು ಮಾಡಿದೆ."

ಕೆಳಗಿನ ಯಂತ್ರಗಳು ನಿಂತಿದ್ದವು. ಹಿಂದಿನ ಸಾಲಿನಿಂದ ಹೆಂಡತಿ ಬಂದಳು. ಹೆಂಗಸರು ಸರಿದು ದಾರಿ ಬಿಟ್ಟರು. ಅವಳು ಒಂದು ರೀಡನ್ನು ಕೈಗೆ ತೆಗೆದುಕೊಂಡು, ಇಸ್ತ್ರಿ ಸುಟ್ಟ ಕಲೆಗಳಿದ್ದ ಬೆರಳಿನಿಂದ ಆ ಗೀಚುಗಳನ್ನು ಸವರಿದಳು.

"ಯಾವಾಗ?"

"ನಮ್ಮ ಮದುವೆಗೆ ಎರಡು ವರ್ಷ ಮುಂಚೆ. ನೀನು ಕೆಳಗೆ ಅಂಗಳದಲ್ಲಿ ಬಟ್ಟೆ ಮಡಿಸ್ತಿದ್ದೆ. ನಿನ್ನನ್ನೇ ನೋಡ್ತಾ ಕೂತಿದ್ದೆ. ಕೈ ಎರಡು ಸಲ ಜಾಸ್ತಿ ಓಡಿಬಿಡ್ತು."

ಎರಡನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಕ್ಕ ತಿರುಗಿ ನೋಡಿದ್ದೇ ನಗು ನಿಂತಿತು.

"ಓಹೋ. ಹಾಗಾದ್ರೆ ತಪ್ಪು ನಂದೇ ಅನ್ನಿ," ಎಂದಳು ಹೆಂಡತಿ.

"ಹಾಗಲ್ಲ ಕಣೇ..."

"ಹುಡುಗು ಬುದ್ಧಿ, ಅದು ಹೋಗ್ಲಿ. ರೇಡಿಯೋದಿಂದ ಬಂದ ದಿನ ನಿನ್ನ ಪಕ್ಕದಲ್ಲೇ ಕೂತಿದ್ನಲ್ಲ, ಅವತ್ತು ಯಾರನ್ನ ನೋಡ್ತಿದ್ದೆ ನೀನು?"

ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವಳು ಅವನನ್ನು ನೀನು ಎಂದಿರಲಿಲ್ಲ.

"ಇಳಿಯುತ್ತೆ ಅಂದೆ," ಎಂದಳು ಅವಳು. "ಯಾಕೆ ಇಳಿಯುತ್ತೆ ಅಂತ ಕೇಳಲಿಲ್ಲ. ಎಲ್ಲಿ ಕಲಿತೆ, ಯಾವ ಪೆಟ್ಟಿಗೆ, ಒಂದು ಮಾತು ಕೇಳಲಿಲ್ಲ. ನಮ್ಮ ಕೂಸಿಗೆ ಒಂದು ಹಾಡು ಹಾಡಲಿಲ್ವಲ್ಲೋ ನಾನು."

ಅಳಲಿಲ್ಲ. ಅತ್ತಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಹಳೇದನ್ನೇ ಮತ್ತೆ ಹಾಕಿಬಿಡ್ತೀನಿ," ಎಂದು ಅವನು ಪೆಟ್ಟಿಗೆಯ ಕಡೆ ಕೈ ಚಾಚಿದ. "ಈಗಲೇ, ಐದು ನಿಮಿಷ..."

"ಮುಟ್ಟಬೇಡ."

ಕೈ ಅಲ್ಲೇ ನಿಂತಿತು. ಅವಳು ಎರಡೂ ರೀಡುಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಟೀಚರ ಕಡೆ ತಿರುಗಿದಳು. "ಮೊದಲಿಂದ ಶುರು ಮಾಡಿ ಟೀಚರಮ್ಮ." ಹಿಂದಿನ ಸಾಲಿಗೆ ಹೋಗಲಿಲ್ಲ. ಒಂದು ಕಡೆ ಸ ಹಿಡಿಯುವವರು, ಇನ್ನೊಂದು ಕಡೆ ಪ ಹಿಡಿಯುವವರು, ನಡುವೆ ಹೋಗಿ ನಿಂತಳು. ಬಟ್ಟೆ ಇರಲಿಲ್ಲ, ಆದರೂ ಎರಡು ಕೈಯನ್ನೂ ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದಳು.

"ಪೆಟ್ಟಿಗೆ ಈಗ ಬೇರೆ ಗ ನುಡಿಯುತ್ತಲ್ಲ," ಎಂದಳು ಟೀಚರು ಮೆಲ್ಲಗೆ.

"ನುಡೀಲಿ."

ಹಾಡು ಶುರುವಾಯಿತು. ಸ ನಿಂತಿತು, ಪ ಬಂದು ಸೇರಿತು, ನಡುವೆ ಅವಳು ಗಾಂಧಾರ ಹಿಡಿದಳು. ಹಿಡಿದದ್ದು ಹಳೆಯದನ್ನೇ. ಪೆಟ್ಟಿಗೆಯ ಹೊಸ ಸ್ವರಕ್ಕೂ ಅವಳ ಸ್ವರಕ್ಕೂ ನಡುವೆ ಒರಟು ಅಲೆ ಎದ್ದು ಕೋಣೆ ತುಂಬ ಕಿರಿಕಿರಿ ಹರಡಿತು. ಎಡಚನ ಹಲ್ಲು ಜುಮ್ಮೆಂದವು. ಅವಳು ಬಿಡಲಿಲ್ಲ. ಧ್ವನಿ ಒಂದೆರಡು ಕಡೆ ಒಡೆಯಿತು, ಹದಿನಾರು ವರ್ಷ ತುಕ್ಕು ಹಿಡಿದ ಗಂಟಲು ತಾನೇ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಅಲ್ಲಿಗೇ ಬಂದಳು. ದೊಡ್ಡಕ್ಕ ಅವಳ ಜೊತೆ ಸೇರಿಕೊಂಡಳು. ಆಮೇಲೆ ಎರಡನೆಯ ಸಾಲು, ಆಮೇಲೆ ಎಲ್ಲರೂ, ಸಂಜೆ ಮನೆಗೆ ತಿರುಗಿದವರ ಹಾಗೆ.

ಅವಳ ಬಾಯಿ ಇಷ್ಟು ಅಗಲ ತೆರೆದದ್ದನ್ನು ಎಡಚ ಮದುವೆಯ ಮೊದಲ ವರ್ಷಗಳಲ್ಲಿ ನೋಡಿದ್ದನೇನೋ, ನೆನಪಾಗಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ, ಕಣ್ಣು ಕಿರಿದು ಮಾಡಿಕೊಂಡು ಹಾಡುತ್ತಿದ್ದಳು. ಅವನ ಕಡೆ ನೋಡಲಿಲ್ಲ.

ಮೂರನೆಯ ಸಲ ಗಾಂಧಾರದ ಹತ್ತಿರ ಬರುವಾಗ ಟೀಚರು ನಡುಬೆರಳನ್ನು ಮೇಲೆತ್ತಿದಳು. ಹೆಬ್ಬೆರಳು ಸ ಮೇಲೆ, ಕಿರುಬೆರಳು ಪ ಮೇಲೆ, ಅಷ್ಟೇ. ಅಲೆ ಸಟ್ಟನೆ ಅಡಗಿತು. ಪೆಟ್ಟಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಹದಿನೆಂಟು ಗಂಟಲಿನ ಆ ನಡುವಿನ ಸ್ವರ ಹೋಗಿ ಕೂತಿತು. ಟೀಚರು ಹಾಡು ಮುಗಿಯುವವರೆಗೂ ಹಾಗೆಯೇ ನುಡಿಸಿದಳು. ಎಡಚ ಅರವನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಅಕ್ಕಪಕ್ಕದ ಮನೆಗಳು ಏಳುತ್ತಿದ್ದವು, ತಗ್ಗುತ್ತಿದ್ದವು. ಅವನು ಅದೇ ಮಧ್ಯಾಹ್ನ ಕೈಯಾರೆ ಸರಿಮಾಡಿದ್ದ ಬಿಳಿ ಮೂರನೇ ಮನೆಯನ್ನು ಮಾತ್ರ ಯಾರೂ ಒತ್ತಲಿಲ್ಲ.